ಧಣಿಯವರ ಸ್ವಂತ ವಾಸಕ್ಕೆ

ಬಾಡಿಗೆ ಮನೆಗಳ ಉಸ್ತುವಾರಿ ನೋಡುವವನು ಮೊದಲು ಮಾಡು, ಅಂದರೆ ಮನೆಯ ಸೂರು, ನೋಡಬೇಕು, ಆಮೇಲೆ ಮನೆಯವರ ಮುಖ ನೋಡಬೇಕು. ಈ ಕೆಲಸಕ್ಕೆ ಹೊಸದಾಗಿ ಬರುವವರು ಇದೊಂದನ್ನು ಕಲಿತರೆ ಅರ್ಧ ಕಲಿತಂತೆ. ಉಳಿದ ಅರ್ಧವನ್ನು ನಾನು ತಪ್ಪು ಮಾಡಿ ಕಲಿತೆ. ನಾನು ಯಾವ ವರ್ಷ ಗುಮಾಸ್ತನಾದೆ, ಯಾವ ವರ್ಷ ಕಾರಭಾರಿಯಾದೆ ಎಂಬುದರಿಂದ ಯಾರಿಗೂ ಉಪಯೋಗವಿಲ್ಲ. ನನ್ನ ತಪ್ಪುಗಳಿಂದ ಸ್ವಲ್ಪ ಉಪಯೋಗವಾದೀತು. ಆದ್ದರಿಂದ ಅವನ್ನು ಬರೆಯುತ್ತೇನೆ.

ನಮ್ಮ ಧಣಿಗಳು ಕುಮಟೆಯಲ್ಲಿ ಅಡಿಕೆ ಮಂಡಿ ಇಟ್ಟಿದ್ದವರು. ಅವರ ತಂದೆ ಕಟ್ಟಿಸಿದ ಏಳು ಬಾಡಿಗೆ ಮನೆಗಳಿದ್ದವು: ಕುಮಟೆಯಲ್ಲಿ ಮೂರು, ಹೊನ್ನಾವರದಲ್ಲಿ ಎರಡು, ಭಟ್ಕಳದಲ್ಲಿ ಎರಡು. ಏಳರಲ್ಲೂ ಹಳೆಯ ಬಿಡಾರದವರೇ, ಅಂದರೆ ಬಾಡಿಗೆದಾರರೇ, ಇದ್ದರು. ಅವರಲ್ಲಿ ಹೊಸಬರೆಂದರೆ ಹದಿನಾರು ವರ್ಷದಿಂದ ಇದ್ದವರು. ಮನೆಗಳನ್ನು ನೋಡಿಕೊಳ್ಳುತ್ತಿದ್ದ ದೊಡ್ಡ ಕಾರಭಾರಿಯವರ ಕೈಕೆಳಗೆ ನನ್ನನ್ನು ಹಾಕಿದರು. ಅವರು ಹಿಂದೆ ಬಂದರು ಕಟ್ಟೆಯಲ್ಲಿ ಉಬ್ಬರ ಇಳಿತದ ವೇಳೆ ಬರೆಯುವ ಕೆಲಸದಲ್ಲಿದ್ದವರಂತೆ. ಸಮುದ್ರವೇ ವೇಳೆಗೆ ಸರಿಯಾಗಿ ಬರುವಾಗ ನಿನಗೇನು ಧಾಡಿ ಎಂದು ಕೇಳುತ್ತಿದ್ದರು. ಬೆಳಿಗ್ಗೆ ಐದಕ್ಕೆ ಏಳಬೇಕು. ಬಿಡಾರದವರ ಮನೆಯಲ್ಲಿ ನೀರು ಬಿಟ್ಟು ಬೇರೇನೂ ಕುಡಿಯಕೂಡದು, ಕೂರಕೂಡದು. ಹದಿನೈದು ನಿಮಿಷಕ್ಕಿಂತ ಹೆಚ್ಚು ನಿಲ್ಲಕೂಡದು. ಧಣಿಗಳ ಮನೆಯ ಸಂಗತಿ ಬಿಡಾರದವರಿಗೆ ತಿಳಿಯಕೂಡದು. ಧಣಿಗಳ ಮುಖವನ್ನು ಬಿಡಾರದವರು ನೋಡಲೇಕೂಡದು. ನೋಡಿದರೆ ಕರುಣೆ ಹುಟ್ಟುತ್ತದೆ ಎನ್ನುತ್ತಿದ್ದರು. ಯಾರಿಗೆ ಯಾರ ಮೇಲೆ ಎಂದು ನಾನು ಕೇಳಲಿಲ್ಲ. ಅವರಿಗೆ ಕಾರಣ ಕೇಳುವವರನ್ನು ಕಂಡರೆ ಆಗುತ್ತಿರಲಿಲ್ಲ. ಕಾರಣ ಹೇಳಿದರೆ ನಿಯಮ ಸಡಿಲವಾಗುತ್ತದೆ ಎಂಬುದು ಅವರ ನಂಬಿಕೆ.

ನಿಯಮ ಪಾಲಿಸುವುದರಲ್ಲಿ ನಾನು ಅವರನ್ನೂ ಮೀರಿಸಿದೆ. ಹೊನ್ನಾವರದ ಪೇಟೆಯ ಹಿಂದಿನ ಮನೆಗೆ ಮೊದಲ ಸಲ ಹೋದಾಗ, ಕಲಿಸಿದಂತೆ ತಲೆ ಎತ್ತಿ ಮಾಡು ನೋಡುತ್ತಲೇ ಅಂಗಳ ದಾಟಿದೆ. ಕಾಲಡಿಯಲ್ಲಿ ಏನೋ ಮೆತ್ತಗಾಯಿತು. ಕೆಳಗೆ ನೋಡಿದರೆ ಚಾಪೆಯ ಮೇಲೆ ಒಣಹಾಕಿದ ಹಪ್ಪಳಗಳು. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನನ್ನ ಚಪ್ಪಲಿಯ ಗುರುತು ನೇರ ಸಾಲಿನಲ್ಲಿ ಬಿದ್ದಿತ್ತು.

"ಮಾಡು ಎಲ್ಲಿಗೂ ಓಡಿ ಹೋಗೂದಿಲ್ಲ ಮಾರಾಯ್ರೇ," ಎಂದು ಜಗಲಿಯಿಂದ ಒಂದು ದನಿ ಬಂತು. "ನನ್ನ ಹಪ್ಪಳ ಮಾತ್ರ ಹೋಯ್ತು."

ಅವರೇ ಸೀತಕ್ಕ. ಗಂಡ ಕಡವಿನ ದೋಣಿ ಕಟ್ಟೆಯಲ್ಲಿ ಗುಮಾಸ್ತನಾಗಿದ್ದವನು, ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಮನೆಯಲ್ಲಿ ಕೊಂಕಣಿ, ನನ್ನೊಡನೆ ಕನ್ನಡ. ಮಚವೆ ದೋಣಿಗಳಲ್ಲಿ ಸರಕು ಸಾಗಿಸುವವರಿಗೆ ಹಪ್ಪಳ ಮಾರಿ ಒಬ್ಬರೇ ಬದುಕುತ್ತಿದ್ದರು. ಆ ಅಂಗಳಕ್ಕೆ ಬೆಳಿಗ್ಗೆಯಿಂದ ಸಂಜೆಯವರೆಗೆ ಬಿಸಿಲು ಬೀಳುತ್ತಿತ್ತು. ಊರಿನಲ್ಲಿ ಅಂಥ ಅಂಗಳ ಇನ್ನೊಂದಿರಲಿಲ್ಲ. ಅವರಿಗೆ ಮನೆಗಿಂತ ಅಂಗಳ ಮುಖ್ಯ ಎಂಬುದು ನನಗೆ ಆ ದಿನವೇ ತಿಳಿಯಬೇಕಿತ್ತು. ನಾನು ಎರಡು ಹೆಂಚು ಒಡೆದಿವೆ ಎಂದು ಬರೆದುಕೊಂಡು, ಹದಿನೈದನೇ ನಿಮಿಷಕ್ಕೆ ಹೊರಟೆ. ಅಂದಿನಿಂದ ಆ ಕೇರಿಯಲ್ಲಿ ನನ್ನ ಹೆಸರು ಗಡಿಯಾರ ಎಂದಾಯಿತು. "ಗಡಿಯಾರ ಬಂತು, ಚಾಪೆ ಎಳೀರೋ," ಎಂದು ಸೀತಕ್ಕ ಪಕ್ಕದ ಮನೆಯವರಿಗೂ ಎಚ್ಚರಿಕೆ ಕೊಡುತ್ತಿದ್ದರು.

ದೊಡ್ಡ ಕಾರಭಾರಿಯವರು ನನಗೆ ಬಿಟ್ಟುಹೋದ ಆಸ್ತಿಯಲ್ಲಿ ಎರಡನ್ನು ಇಲ್ಲಿ ಹೇಳಬೇಕು.

ಒಂದು, ನೋಟೀಸಿನ ನಮೂನೆ. ಕುಮಟೆಯ ಛಾಪಖಾನೆಯಲ್ಲಿ ಒಂದು ಕಟ್ಟು ಅಚ್ಚು ಹಾಕಿಸಿ ಇಟ್ಟಿದ್ದರು. 'ಸದರಿ ಮನೆಯು ಧಣಿಯವರ ಸ್ವಂತ ವಾಸಕ್ಕೆ ಬೇಕಾಗಿರುವುದರಿಂದ ತಾವು ಕೂಡಲೇ ತೆರವು ಮಾಡಿಕೊಡತಕ್ಕದ್ದು.' ಹೆಸರು, ಊರು ತುಂಬಿಸಿದರೆ ಆಯಿತು. ಬಿಡಾರದವರು ದನದ ಹಟ್ಟಿ ಕಟ್ಟಿದರೆ, ಬಾವಿಕಟ್ಟೆಯಲ್ಲಿ ಜಗಳ ತೆಗೆದರೆ, ಕಾರಭಾರಿಗೆ ಎದುರು ಮಾತಾಡಿದರೆ ಒಂದು ನೋಟೀಸು ಹೋಗುತ್ತಿತ್ತು. ಯಾರೂ ಮನೆ ಬಿಡುತ್ತಿರಲಿಲ್ಲ. ಬಿಡಲಿ ಎಂದು ನಾವೂ ಕಾಯುತ್ತಿರಲಿಲ್ಲ. ಸ್ವಲ್ಪ ದಿನ ಹದ್ದುಬಸ್ತಿನಲ್ಲಿ ಇರುತ್ತಿದ್ದರು, ಅಷ್ಟೇ. ಧಣಿಗಳು ಹುಟ್ಟಿದ ಮನೆ ಬಿಟ್ಟು ಒಂದು ರಾತ್ರಿ ಹೊರಗೆ ಮಲಗಿದವರಲ್ಲ.

ಇನ್ನೊಂದು, ಕದಿರು. ಹೊಸ ಭತ್ತದ ತೆನೆಗಳನ್ನು ಮಾವಿನೆಲೆಯೊಡನೆ ಬಾಗಿಲ ದಾರಂದಕ್ಕೆ ಕಟ್ಟುವುದು ನಮ್ಮ ಕಡೆಯ ಪದ್ಧತಿ. ಕಟ್ಟುವವನು ಮನೆಯ ಯಜಮಾನ. ಬಾಡಿಗೆ ಮನೆಗಳಿಗೆ ಧಣಿಗಳ ಪರವಾಗಿ ಕಾರಭಾರಿ ಹೋಗಿ ಕಟ್ಟಬೇಕು. ಏಳು ಮನೆಗೆ ಮೂರು ದಿನ ಹಿಡಿಯುತ್ತಿತ್ತು. ಶರಾವತಿಗೆ ಸೇತುವೆ ಇರಲಿಲ್ಲ, ದೋಣಿಗೆ ಕಾಯಬೇಕು. ಭಟ್ಕಳದ ಒಂದು ಮನೆಯಲ್ಲಿದ್ದದ್ದು ನವಾಯತ ಮುಸಲ್ಮಾನರ ಕುಟುಂಬ. ಅಲ್ಲೂ ಕಟ್ಟುತ್ತಿದ್ದೆವು. ಅವರ ಹಬ್ಬವಲ್ಲದಿದ್ದರೂ ಪರದೆಯ ಹಿಂದಿನಿಂದ ಹಿರಿಯಾಕೆ, "ಕಟ್ಟಿ, ಕಟ್ಟಿ. ಗುಬ್ಬಿಗಳಿಗೆ ಆಗ್ತದೆ," ಎನ್ನುತ್ತಿದ್ದರು. "ಬೇರೆ ಏನು ಬೇಕಾದರೂ ಕಳಿಸಿಕೊಡು. ಕದಿರು ಮಾತ್ರ ಕೈಯಾರೆ ಕಟ್ಟು," ಎಂದು ದೊಡ್ಡ ಕಾರಭಾರಿಯವರು ಹೇಳಿದ್ದರು. ಯಥಾಪ್ರಕಾರ ಕಾರಣ ಹೇಳಿರಲಿಲ್ಲ.

ಅವರು ತೀರಿಕೊಂಡ ಮೇಲೆ ನಾನು ಸುಧಾರಣೆ ತಂದೆ. ಆಗ ಯುದ್ಧಕಾಲ, ಪೆಟ್ರೋಲು ಇಲ್ಲದೆ ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು. ಏರು ಬಂದರೆ ಇಳಿದು ದೂಡಬೇಕು. ತೆನೆ ಕಟ್ಟುವುದಕ್ಕೆ ಮೂರು ದಿನ ಬಸ್ಸು ದೂಡುವುದು ನನಗೆ ಅವ್ಯವಸ್ಥೆಯಾಗಿ ಕಂಡಿತು. ತೆನೆಗಳನ್ನು ಏಳು ಕಟ್ಟು ಮಾಡಿ, ಬಸ್ಸಿನ ಡ್ರೈವರನ ಕೈಯಲ್ಲಿ ಹಬ್ಬದ ಹಿಂದಿನ ದಿನವೇ ಕಳಿಸಿದೆ. ಪ್ರತಿ ಕಟ್ಟಿಗೂ ಒಂದು ಚೀಟಿ: 'ಮನೆಯ ಯಜಮಾನರಿಗೆ. ತಾವೇ ಸ್ವಹಸ್ತದಿಂದ ಬೆಳಿಗ್ಗೆ ಎಂಟರೊಳಗೆ ಕಟ್ಟತಕ್ಕದ್ದು.' ಏಳೂ ಮನೆಗಳಲ್ಲಿ ಒಂದೇ ಹೊತ್ತಿಗೆ ಕದಿರು ಕಟ್ಟಿದ್ದು ಅದೇ ಮೊದಲು. ನನ್ನ ವೃತ್ತಿಜೀವನದಲ್ಲಿ ನಾನು ಅತ್ಯಂತ ಹೆಮ್ಮೆಪಟ್ಟ ಕೆಲಸ ಅದು. ಆರು ವರ್ಷ ಹಾಗೆಯೇ ನಡೆಸಿದೆ.

ಆಮೇಲೆ ಧಣಿಗಳು ತೀರಿಕೊಂಡರು. ಮಕ್ಕಳಿರಲಿಲ್ಲ. ಮೃತ್ಯುಪತ್ರ ತೆರೆದಾಗ ಆದಾಯ ಬರುವ ಮಂಡಿ ಅಣ್ಣನ ಗಂಡುಮಕ್ಕಳಿಗೆ, ತಲೆನೋವು ಬರುವ ಏಳು ಮನೆಗಳು ತಮ್ಮನ ಮಗಳು ಯಮುನೆಗೆ ಎಂದು ಬರೆದಿತ್ತು. ಯಮುನಾಬಾಯಿಗೆ ಆಗ ಇಪ್ಪತ್ತಾರು ವರ್ಷ. ಮದುವೆಯಾದ ಎರಡನೇ ವರ್ಷಕ್ಕೆ ಗಂಡ ತೀರಿಹೋಗಿದ್ದ. ಹಟ ಹಿಡಿದು ಶಿಕ್ಷಕಿಯ ಪರೀಕ್ಷೆ ಪಾಸು ಮಾಡಿಕೊಂಡು, ಮಿರ್ಜಾನದಲ್ಲಿ ದೂರದ ನೆಂಟರ ಮನೆಯಲ್ಲಿದ್ದರು. ಇದ್ದರು ಎನ್ನುವುದಕ್ಕಿಂತ ಆ ಮನೆಯ ಮುಸುರೆ, ಬಾವಿ, ದನದ ಕೊಟ್ಟಿಗೆಗಳ ನಡುವೆ ತಿರುಗುತ್ತಿದ್ದರು ಎನ್ನಬೇಕು. ಮಾತಾಡಲು ಹೋದಾಗ ಅವರು ಕೊಟ್ಟಿಗೆಯ ಬಾಗಿಲಲ್ಲೇ ನಿಂತು, ತಮ್ಮ ಹವ್ಯಕ ಮಾತಿನಲ್ಲಿ ಕೇಳಿದರು.

"ಏಳು ಮನೆ ಇದ್ದು ಹೇಳಿ ಕಾಗದದಲ್ಲಿ ಬರದ್ದು. ಆನು ಇಪ್ಪಲೆ ಒಂದು ಕೋಣೆ ಇಲ್ಲೆಯ, ಕಾರಭಾರಿಯವ್ರೇ?"

ಸಂಗತಿ ಇಷ್ಟು. ಮೂರೂ ಊರುಗಳ ಹೆಣ್ಣುಮಕ್ಕಳ ಶಾಲೆಗಳಿಗೆ ಶಿಕ್ಷಕಿಯರು ಬೇಕಾಗಿದ್ದರು. ಎಲ್ಲಿಗಾದರೂ ನೇಮಿಸುತ್ತೇವೆ, ಆದರೆ ಆ ಊರಿನಲ್ಲಿ ನಿಮಗೆ ಬಿಡಾರ ಇರಬೇಕು, ಮುಂದಿನ ಜೂನಿನವರೆಗೆ ಕಾಯುತ್ತೇವೆ ಎಂದು ಶಿಕ್ಷಣ ಇಲಾಖೆಯಿಂದ ಕಾಗದ ಬಂದಿತ್ತು. ಬೇರೆಯವರ ಮನೆ ಬಾಡಿಗೆಗೆ ಹಿಡಿಯೋಣವೆಂದರೆ ಒಂಟಿ ವಿಧವೆಗೆ ಮೂರೂ ಊರುಗಳಲ್ಲಿ ಯಾರೂ ಕೊಡಲೊಲ್ಲರು. ನಾನೇ ಹತ್ತು ಕಡೆ ಕೇಳಿದೆ. ಏಳು ಮನೆಗಳ ಒಡತಿಗೆ ತಲೆ ಇಡಲು ಸ್ಥಳವಿಲ್ಲ, ಸ್ಥಳವಿಲ್ಲದಿದ್ದರೆ ನೌಕರಿಯಿಲ್ಲ, ನೌಕರಿಯಿಲ್ಲದಿದ್ದರೆ ಆ ಕೊಟ್ಟಿಗೆಯೇ ಗತಿ. ಯುದ್ಧದ ಕಾಲದಲ್ಲಿ ಬಾಡಿಗೆಯ ಕಾಯಿದೆ ಬೇರೆ ಬಂದಿತ್ತು. ಬಿಡಾರದವರನ್ನು ಸುಮ್ಮನೆ ಎಬ್ಬಿಸುವಂತಿಲ್ಲ. ಒಡೆಯರಿಗೆ ನಿಜವಾಗಿ ಸ್ವಂತ ವಾಸಕ್ಕೆ ಬೇಕಾದರೆ ಮಾತ್ರ ಬಿಡಿಸಬಹುದು. ನನಗೆ ಧೈರ್ಯ ಬಂತು. ನಮ್ಮ ನಮೂನೆಯಲ್ಲಿ ಅದೇ ವಾಕ್ಯ ಅಚ್ಚಾಗಿ ಕೂತಿತ್ತಲ್ಲ.

ಮೊದಲು ಕುಮಟೆಯಲ್ಲಿ ಪ್ರಯತ್ನಿಸಿದೆ. ಅಲ್ಲಿಯ ದೊಡ್ಡ ಮನೆಯಲ್ಲಿದ್ದವರು ವಕೀಲ ನಾಗೇಶರಾಯರು, ನಮ್ಮ ಧಣಿಗಳ ಖಾಯಂ ವಕೀಲರು. ನಮ್ಮ ನೋಟೀಸುಗಳಿಗೆಲ್ಲ ಸಹಿ ಹಾಕುತ್ತಿದ್ದವರು ಅವರೇ. ಅವರ ಮನೆ ಬಿಡಿಸುವ ನೋಟೀಸನ್ನೂ ಅವರಿಗೇ ಸಹಿಗೆ ಒಯ್ಯಬೇಕಾಯಿತು. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

"ಡ್ರಾಫ್ಟು ಚಲೋ ಅದೆ," ಎಂದರು. "ಆದರೆ ಇದನ್ನ ಕೊಡೂದು ಬೇಡ ಅಂತ ನನ್ನ ಸಲಹೆ."

"ಯಾಕೆ?"

"ಈ ಮನುಷ್ಯ ಬಿಡುವವ ಅಲ್ಲ. ನಾನು ಅವನನ್ನ ಚಲೋ ಬಲ್ಲೆ."

ಆ ಸಲಹೆಗೆ ಅವರು ಫೀಸು ತೆಗೆದುಕೊಳ್ಳಲಿಲ್ಲ ಎಂಬುದನ್ನು ಅವರ ಪರವಾಗಿ ಹೇಳಬೇಕು.

ಅಲ್ಲಿಂದ ಭಟ್ಕಳಕ್ಕೆ ಹೋದೆ. ನವಾಯತರ ಮನೆಯ ಗಂಡಸರೆಲ್ಲ ಮದ್ರಾಸಿನಲ್ಲಿ ಬಟ್ಟೆ ವ್ಯಾಪಾರಕ್ಕೆ ಹೋಗಿದ್ದರು. ಮನೆಯ ವ್ಯವಹಾರವೆಲ್ಲ ಹಿರಿಯಾಕೆಯದು. ವರ್ಷಗಟ್ಟಲೆ ಆ ಮನೆಗೆ ಹೋದರೂ ನಾನು ಅವರ ಮುಖ ಕಂಡಿಲ್ಲ. ನಾನು ಜಗಲಿಯ ಕಂಬದ ಎದುರು ನಿಂತು ಕಂಬಕ್ಕೆ ಮಾತಾಡುತ್ತಿದ್ದೆ, ಉತ್ತರ ಪರದೆಯಿಂದ ಬರುತ್ತಿತ್ತು. ಅಷ್ಟು ಶಿಸ್ತಾದ ಮಾತುಕತೆ ನಾನು ಬೇರೆಲ್ಲೂ ಕಂಡಿಲ್ಲ.

"ಮನೆ ಧಣಿಯವರ ಸ್ವಂತ ವಾಸಕ್ಕೆ ಬೇಕಾಗಿದೆ," ಎಂದು ಕಂಬಕ್ಕೆ ಹೇಳಿದೆ.

ಪರದೆಯ ಹಿಂದೆ ಮೂರು ನಾಲ್ಕು ಹೆಂಗಸರ ನಗು.

"ಕಾರಭಾರಿ ಸಾಹೇಬ, ನಿಮ್ಮ ಧಣಿ ತೀರಿಹೋದರು ಅಂತ ನಾವು ಕೇಳಿದ್ದು. ಸುಳ್ಳಾ ಅದು? ಅಥವಾ ತೀರಿಹೋದ ಮೇಲೆ ಭಟ್ಕಳದಲ್ಲಿ ವಾಸ ಮಾಡ್ತಾರಾ?"

ಹೊಸ ಧಣಿ ಇದ್ದಾರೆ, ಹೆಂಗಸು, ಇಂಥ ಕಷ್ಟದಲ್ಲಿದ್ದಾರೆ ಎಂದು ಹೇಳಬಹುದಿತ್ತು. ಆದರೆ ಧಣಿಗಳ ಮನೆಯ ಸಂಗತಿ ಬಿಡಾರದವರಿಗೆ ತಿಳಿಯಕೂಡದು.

"ಇನ್ನೊಂದು ಮಾತು," ಎಂದಿತು ಪರದೆ, ಈಗ ನಗದೆ. "ಮೊದಲು ತೆನೆ ಕಟ್ಟಲಿಕ್ಕೆ ನೀವೇ ಬರ್ತಿದ್ರಿ. ಈಗ ಕಟ್ಟು ಮಾತ್ರ ಬರ್ತದೆ. ಕಟ್ಟುವುದು ನಮ್ಮ ಕೆಲಸದವಳು. ನಿಮ್ಮ ಸೊತ್ತು ನೀವೇ ಮರೆತುಬಿಟ್ರಿ, ನಾವು ಯಾಕೆ ನೆನಪು ಇಟ್ಟುಕೊಳ್ಳೋದು?"

ಎಂಟು ಗಂಟೆಯೊಳಗೆ ಕಟ್ಟುತ್ತೀರಲ್ಲ ಎಂದು ಕೇಳಿದೆ. ಕಟ್ಟುತ್ತೇವೆ ಎಂದರು. ಹಾಗಾದರೆ ದೂರೇನು ಎಂದು ನನಗೆ ಅರ್ಥವಾಗಲಿಲ್ಲ. ಹದಿನೈದು ನಿಮಿಷವಾಗಿತ್ತು, ಹೊರಟೆ.

ಉಳಿದ ಮನೆಗಳಲ್ಲಿ ಒಂದೊಂದರಲ್ಲಿ ಎಂಟು, ಹತ್ತು ಜನರ ಸಂಸಾರ. ಅವರನ್ನು ಎಬ್ಬಿಸುವುದು ಅಸಾಧ್ಯ. ಹಾಗಾಗಿ ಕೊನೆಗೆ ಕಣ್ಣು ಬಿದ್ದದ್ದು ಸೀತಕ್ಕನ ಮೇಲೆ. ಒಬ್ಬಳೇ ಹೆಂಗಸು, ನಾಲ್ಕು ಕೋಣೆಯ ಮನೆ, ಶಾಲೆಗೆ ಹತ್ತು ಮಾರು ದೂರ. ಪತ್ರ ಬರೆದು ಯಮುನಾಬಾಯಿಯವರ ಒಪ್ಪಿಗೆ ಕೇಳಿದೆ. "ಬಿಡುವವರಿಗೆ ಬೇರೆ ಜಾಗ ಇದ್ದಾ?" ಎಂದಷ್ಟೇ ತಿರುಗಿ ಬರೆದರು. ಒಂಟಿ ಹೆಂಗಸಿಗೆ ಎಲ್ಲಾದರೂ ಸಿಗುತ್ತದೆ ಎಂದು ಉತ್ತರಿಸಿದೆ. ಒಂಟಿ ಹೆಂಗಸಿಗೆ ಎಲ್ಲೂ ಸಿಗದು ಎಂಬುದನ್ನು ಆಗಷ್ಟೇ ಮೂರು ಊರು ಸುತ್ತಿ ಖಾತ್ರಿ ಮಾಡಿಕೊಂಡಿದ್ದವನು ನಾನೇ. ಎರಡೂ ಸಂಗತಿಗಳು ನನ್ನ ತಲೆಯಲ್ಲಿ ಬೇರೆ ಬೇರೆ ಕಡತಗಳಲ್ಲಿದ್ದವು.

ನೋಟೀಸು ಒಯ್ದು ಕೊಟ್ಟಾಗ ಸೀತಕ್ಕ ಲಟ್ಟಣಿಗೆ ಕೆಳಗಿಡಲಿಲ್ಲ.

"ಎಂತದು ಇದು, ಗಡಿಯಾರ?"

"ಮನೆ ಧಣಿಯವರ ಸ್ವಂತ ವಾಸಕ್ಕೆ ಬೇಕಾಗಿದೆ."

"ಆತು. ಆ ಅಕ್ಕಿ ಡಬ್ಬಿ ಒಳಗೆ ಹಾಕಿ. ಬಾಕಿದ್ದು ಅಲ್ಲೇ ಉಂಟು."

"ಈ ಸಲ ನಿಜ, ಸೀತಕ್ಕ."

"ಹಾಗಾದ್ರೆ ಇಷ್ಟು ದಿವಸದ್ದು?" ಎಂದರು. ಅವರು ಹಪ್ಪಳ ಎತ್ತಿ ಬೆಳಕಿಗೆ ಹಿಡಿದು ನೋಡುತ್ತ, "ಊರಿಗೆ ಹೊಸದಾಗಿ ಬಂದ ಅಬಕಾರಿ ಸಾಹೇಬರಿಗೆ ಕೊಡೂದಕ್ಕೆ ಈ ಮನೆ ನೋಡ್ತಿದ್ರಿ ಅಂತ ಪೇಟೆಯಲ್ಲಿ ಸುದ್ದಿ. ಸಾಹೇಬರಿಗೆ ಹೇಳಿ, ಅಂಗಳದಲ್ಲಿ ನಾನಿದ್ದೇನೆ, ತುಳಿದುಕೊಂಡೇ ಬರಬೇಕು ಅಂತ," ಎಂದರು.

ಹೊನ್ನಾವರದ ಕೋರ್ಟಿನಲ್ಲಿ ದಾವೆ ಹಾಕಿದೆವು. ನಮ್ಮ ವಕೀಲರು ನಾಗೇಶರಾಯರೇ. ಒಡತಿಯ ಸ್ವಂತ ವಾಸಕ್ಕೆ ಒಂದು ಮನೆ ಬಿಡಿಸಬಹುದು ಎಂದು ಕೋರ್ಟು ಒಪ್ಪಿದರೆ, ಮುಂದೆ ಇನ್ನೊಂದು ಮನೆಯೂ ಬಿಡಿಸಬಹುದು. ಆ ಇನ್ನೊಂದು ಮನೆಯಲ್ಲಿ ಇದ್ದವರು ಯಾರೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ನನಗೆ ಮಾತ್ರ ಹೊಳೆಯಲಿಲ್ಲ. ಅವರು ಎದ್ದು ನಿಂತು, "ನಮ್ಮ ಕಕ್ಷಿದಾರರಿಗೆ ಮನೆ ಬೇಕು ಎಂಬುದು ಕಕ್ಷಿದಾರರ ಹೇಳಿಕೆ," ಎಂದು ಆರಂಭಿಸಿದರು. ಅದಕ್ಕಿಂತ ಮುಂದೆ ಅವರ ವಾದ ಹೆಚ್ಚು ದೂರ ಹೋಗಲಿಲ್ಲ. ಯಮುನಾಬಾಯಿಯನ್ನು ಸಾಕ್ಷಿಗೆ ಕರೆಯೋಣವೇ ಎಂದು ಕೇಳಿದೆ. ಮರ್ಯಾದಸ್ಥರ ಮನೆಯ ಹೆಂಗಸನ್ನು ಕಟಕಟೆಗೆ ತರುವುದು ಚಲೋ ಅಲ್ಲ ಎಂದರು. ಧಣಿಗಳ ಮುಖ ಬಿಡಾರದವರು ನೋಡಕೂಡದು ಎಂಬ ನಿಯಮಕ್ಕೂ ಅದು ಸರಿಹೊಂದಿತು. ನಾನು ತಲೆಯಾಡಿಸಿದೆ.

ಹೀಗಾಗಿ ಕಟಕಟೆ ಹತ್ತಿದ್ದು ನಾನೊಬ್ಬನೇ. ಸೀತಕ್ಕನ ವಕೀಲರು ಎಳೆಯರು, ಚುರುಕು. ಅಕ್ಕಿ ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟು ಅದರೊಳಗಿನಿಂದ ಅಚ್ಚಾದ ಹಾಳೆಗಳನ್ನು ಒಂದೊಂದಾಗಿ ತೆಗೆದರು. ಹಳೆಯವೇ ಹನ್ನೆರಡು ಇದ್ದವು.

"ಇವೆಲ್ಲ ನಿಮ್ಮ ಕಡೆಯ ನೋಟೀಸುಗಳೇ?"

"ಹೌದು."

"ಹನ್ನೆರಡರಲ್ಲೂ ಧಣಿಯವರ ಸ್ವಂತ ವಾಸ. ಬಂದು ವಾಸ ಮಾಡಿದರೇ?"

"ಇಲ್ಲ."

"ಒಂದು ದಿನ?"

"ಇಲ್ಲ."

"ಹದಿಮೂರನೆಯದರಲ್ಲೂ ಅದೇ ವಾಕ್ಯ, ಅದೇ ಅಚ್ಚು. ಇದೊಂದು ನಿಜ ಎಂದು ನಾವು ಹೇಗೆ ತಿಳಿಯಬೇಕು? ಗುರುತು ಏನಾದರೂ ಹಾಕಿದ್ದೀರೋ?"

ಹಿಂದೆ ಕೂತವರು ನಕ್ಕರು. ನಾಗೇಶರಾಯರು ಆಕ್ಷೇಪಣೆ ಎತ್ತಬೇಕಿತ್ತು, ಅವರೂ ನಕ್ಕರು. ಆಮೇಲೆ ಡಬ್ಬಿಯಿಂದ ನನ್ನ ಚೀಟಿಗಳು ಬಂದವು. ಆರು ವರ್ಷದ ಆರು ಚೀಟಿ.

"ಕದಿರು ಕಟ್ಟುವುದು ಯಾರ ಹಕ್ಕು, ಕಾರಭಾರಿಯವರೇ?"

"ಮನೆಯ ಯಜಮಾನರದು."

"ಈ ಮನೆಗೆ ಆರು ವರ್ಷದಿಂದ ಕಟ್ಟುತ್ತಿರುವವರು?"

"ಸೀತಕ್ಕ."

"ಯಾರ ಅಪ್ಪಣೆಯಿಂದ?"

"ನನ್ನ ಅಪ್ಪಣೆಯಿಂದ."

"ಚೀಟಿಯ ಮೇಲೆ 'ಮನೆಯ ಯಜಮಾನರಿಗೆ' ಎಂದು ಬರೆದವರು?"

"ನಾನೇ."

"ತಡವಾಗಿ ಕಟ್ಟಿದ್ದುಂಟೇ?"

"ಇಲ್ಲ," ಎಂದೆ. ಅಷ್ಟು ಹೊತ್ತಿನಲ್ಲಿ ನಾನು ಸ್ವಲ್ಪ ಹೆಮ್ಮೆಯಿಂದ ಹೇಳಿದ ಉತ್ತರ ಅದೊಂದೇ.

ದೊಡ್ಡ ಕಾರಭಾರಿಯವರು ಹೇಳದೆ ಬಿಟ್ಟ ಕಾರಣ ಕಟಕಟೆಯಲ್ಲಿ ನಿಂತಾಗ ನನಗೆ ತಿಳಿಯಿತು. ಆಸ್ತಿ ಪತ್ರ ಪೆಟ್ಟಿಗೆಯಲ್ಲಿರುತ್ತದೆ, ಅದನ್ನು ಯಾರೂ ಕಾಣುವುದಿಲ್ಲ. ವರ್ಷಕ್ಕೊಮ್ಮೆ ಬಾಗಿಲಲ್ಲಿ ಕೈಯೆತ್ತಿ ತೆನೆ ಕಟ್ಟುವವನನ್ನು ಕೇರಿಗೆ ಕೇರಿಯೇ ಕಾಣುತ್ತದೆ. ನೆರೆಯವರು ಮೂವರು ಬಂದು, ಇದು ಸೀತಕ್ಕನ ಮನೆ, ಮೂಲಗೇಣಿಯದು, ಅಂದರೆ ಖಾಯಂ ಅವರದೇ, ಧಣಿಯನ್ನು ನಾವು ಕಂಡೇ ಇಲ್ಲ ಎಂದು ಪ್ರಾಮಾಣಿಕವಾಗಿ ಹೇಳಿದರು. ಅವರು ಸುಳ್ಳು ಹೇಳಲಿಲ್ಲ. ನಾನು ಬಸ್ಸು ದೂಡುವ ಶ್ರಮ ಉಳಿಸಿಕೊಂಡದ್ದರಿಂದ ಅದು ನಿಜವಾಗಿಬಿಟ್ಟಿತ್ತು.

ಮೇ ತಿಂಗಳ ಕೊನೆಗೆ ತೀರ್ಪು. ಸ್ವಂತ ವಾಸದ ಅಗತ್ಯ ನಿಜವೆಂದು ನಂಬಲು ಆಧಾರವಿಲ್ಲ, ದಾವೆ ವಜಾ. ಶಾಲೆ ಸುರುವಾಗಲು ಹತ್ತು ದಿನ ಇತ್ತು.

ಆ ದಿನ ಯಮುನಾಬಾಯಿ ನನಗೆ ಹೇಳದೆ ಮಿರ್ಜಾನದಿಂದ ಬಂದಿದ್ದರು. ಒಂದು ಟ್ರಂಕು ಕೂಡ ತಂದಿದ್ದರು. ಗೆಲ್ಲುತ್ತೇವೆ ಎಂದು ನಾನು ಬರೆದಿದ್ದೆನಲ್ಲ. ಕೋರ್ಟಿನ ಜಗಲಿಯ ತುದಿಯಲ್ಲಿ ಸೆರಗು ಹೊದ್ದು ಟ್ರಂಕಿನ ಮೇಲೆ ಕೂತಿದ್ದರು. ನಾನು ಹೋಗಿ ತೀರ್ಪು ಹೇಳಿದೆ. ಅವರು ಅಳಲಿಲ್ಲ. "ಹಂಗಾರೆ ತಿರುಗಿ ಹೋಪ ಬಸ್ಸು ಎಷ್ಟು ಹೊತ್ತಿಗೆ?" ಎಂದು ಕೇಳಿದರು. ಜೀವಮಾನದಲ್ಲಿ ಮೊದಲ ಸಲ ನನಗೆ ಬಸ್ಸಿನ ವೇಳೆ ನೆನಪಾಗಲಿಲ್ಲ.

ಗೆದ್ದ ಸೀತಕ್ಕ ಡಬ್ಬಿ ಕಂಕುಳಲ್ಲಿಟ್ಟುಕೊಂಡು ನಮ್ಮ ಮುಂದೆಯೇ ಹೋಗುತ್ತಿದ್ದವರು ನಿಂತರು.

"ಇದು ಯಾರು, ಗಡಿಯಾರ? ನಿಮ್ಮ ಮಗಳಾ?"

ಹೇಳಬಾರದಿತ್ತು. ಆದರೆ ಮುಚ್ಚಿಡಲು ಇನ್ನು ಉಳಿದದ್ದಾದರೂ ಏನು? "ಧಣಿಯವರು," ಎಂದೆ.

"ಯಾರ ಧಣಿ?"

"ನಿಮ್ಮ ಮನೆಯ ಧಣಿ. ಶಾಲೆಗೆ ಶಿಕ್ಷಕಿಯಾಗಿ ಬರಬೇಕಿತ್ತು. ಇರಲು ಸ್ಥಳವಿಲ್ಲ."

ಸೀತಕ್ಕ ಯಮುನಾಬಾಯಿಯನ್ನು ನೋಡಿದರು. ಬರಿ ಹಣೆ, ಬರಿ ಕೈ, ಟ್ರಂಕು. ಅವರಿಗೆ ಇನ್ನೇನೂ ವಿವರಿಸಬೇಕಾಗಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದರು. ಆ ಮಾತುಗಳನ್ನು ಇದ್ದಂತೆ ಬರೆಯುತ್ತೇನೆ, ಏಕೆಂದರೆ ನನಗೆ ಬಂದ ಬೈಗುಳಗಳಲ್ಲಿ ಅದೇ ಅತ್ಯಂತ ನ್ಯಾಯವಾದದ್ದು.

"ಈ ಕೂಸು ಇರೂದಕ್ಕೆ ಮನೆ ಕೇಳಿದ್ದಾ ನೀವು? ಬಾಯಿ ಇಲ್ವಾ ನಿಮಗೆ? ಇಷ್ಟು ತಿಂಗಳು ನನ್ನನ್ನ ಕೋರ್ಟಿಗೆ ಎಳೆದ್ರಲ್ಲ, ಒಂದು ದಿವಸ ಇವಳನ್ನ ಕರಕೊಂಡು ಬಂದು ಅಂಗಳದಲ್ಲಿ ನಿಲ್ಲಿಸಿದ್ರೆ ಆಗ್ತಿರಲಿಲ್ವಾ?"

"ನೋಟೀಸಿನಲ್ಲಿ ಬರೆದಿದ್ದೆ."

"ನಿಮ್ಮ ನೋಟೀಸು ನಂಬಿದ್ರೆ ನಾನು ಇಷ್ಟರೊಳಗೆ ಹನ್ನೆರಡು ಮನೆ ಬದಲಿಸಬೇಕಿತ್ತು!" ಎಂದು, ಡಬ್ಬಿಯನ್ನು ನನ್ನ ಕೈಗೆ ತುರುಕಿ, ಬಗ್ಗಿ ಟ್ರಂಕಿನ ಒಂದು ಹಿಡಿ ಹಿಡಿದರು. "ಏಳು ಮಗಾ, ಆ ಕಡೆ ಹಿಡಿ. ಹಿಂದಿನ ಎರಡು ಕೋಣೆಯಲ್ಲಿ ಉದ್ದಿನ ಚೀಲ ಬಿಟ್ರೆ ಎಂತದೂ ಇಲ್ಲ. ಒಲೆ ಬೇರೆ ಹಾಕಿಕೊ, ನಿಮ್ಮ ಮಡಿ ನಿಮಗೆ. ಅಂಗಳ ಮಾತ್ರ ನಂದು. ಮೆಟ್ಟಿದ್ರೆ ಕಾಲು ಮುರೀತೇನೆ, ಧಣಿಯಾದ್ರೂ ಸೈ."

ಟ್ರಂಕನ್ನು ಇಬ್ಬರು ಹೆಂಗಸರು ಹಿಡಿದುಕೊಂಡು ಪೇಟೆಯ ನಡುವೆ ನಡೆದರು. ಅಕ್ಕಿ ಡಬ್ಬಿ ಹೊತ್ತು ನಾನು ಹಿಂದೆ.

ನೇಮಕದ ಅರ್ಜಿಯಲ್ಲಿ 'ವಾಸವಿರುವ ಮನೆಯ ಯಜಮಾನರ ಹೆಸರು' ಎಂದು ಒಂದು ಕಾಲಮು ಇತ್ತು. ಯಮುನಾಬಾಯಿ ಸ್ವಲ್ಪ ಯೋಚಿಸಿ ಸೀತಕ್ಕನ ಹೆಸರು ಬರೆದರು. ಸಾಕ್ಷಿಯ ಸಹಿ ನನ್ನದು. ಆ ಸಹಿಗೆ ಆಧಾರವಾಗಿ ಕೋರ್ಟಿನಲ್ಲಿ ನಾನೇ ನುಡಿದ ಸಾಕ್ಷ್ಯ ಇತ್ತಲ್ಲ.

ಶಾಲೆ ಸುರುವಾದ ಮೊದಲ ವಾರ ಹಿಂದಿನ ಕೋಣೆಗಳ ಮಾಡು ಸೋರುತ್ತದೆಯೇ ಎಂದು ನೋಡಲು ಹೋದೆ. ಸೀತಕ್ಕ ಕಾಪಿ ಕೊಟ್ಟರು. ಕುಡಿದೆ. ಕೂತುಕೊಂಡೇ ಕುಡಿದೆ. ನಾನು ಹೊರಡಲು ಏಳುವಾಗ ಯಮುನಾಬಾಯಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತರು. ಕೈಯಲ್ಲಿ ಸೆರಗಿನಿಂದ ಮುಚ್ಚಿದ ಏನೋ ಇತ್ತು.

"ಸೀತಕ್ಕಾ, ಗೋಡೆಗೆ ಒಂದು ಮೊಳೆ ಹೊಡ್ಸಲಕ್ಕ?"

ನಮ್ಮ ಕರಾರು ಪತ್ರಗಳಲ್ಲಿ, ಒಡೆಯರ ಅಪ್ಪಣೆಯಿಲ್ಲದೆ ಬಿಡಾರದವರು ಗೋಡೆಗೆ ಮೊಳೆ ಹೊಡೆಯಕೂಡದು ಎಂದು ಒಂದು ಕಲಮು ಇದೆ. ಒಡೆಯರು ಬಿಡಾರದವರ ಅಪ್ಪಣೆ ಕೇಳುವ ಕಲಮು ಇಲ್ಲ.

"ಎಂತಕ್ಕೆ ಮೊಳೆ?" ಎಂದರು ಸೀತಕ್ಕ.

ಯಮುನಾಬಾಯಿ ಸೆರಗು ಸರಿಸಿದರು. ಅಂಗೈಗಿಂತ ಸ್ವಲ್ಪ ದೊಡ್ಡದಾದ ಒಂದು ಕನ್ನಡಿ. ಆ ಕಾಲದಲ್ಲಿ ಅವರಂಥವರ ಕೈಯಲ್ಲಿ ಅದನ್ನು ಕಂಡರೆ ಮಾತಾಡುವ ಜನ ಎಷ್ಟಿದ್ದರೆಂದು ಈಗಿನವರಿಗೆ ಹೇಳಿದರೂ ತಿಳಿಯದು. ಅವರ ಕಿವಿ ಕೆಂಪಾಗಿತ್ತು. "ಶಾಲೆಗೆ ಹೋಪಾಗ ಬೈತಲೆ ಸೊಟ್ಟ ಆದ್ರೆ ಹೆಣ್ಮಕ್ಕ ನೆಗಾಡ್ತ," ಎಂದು, ಯಾರೂ ಕೇಳದ ಕಾರಣವನ್ನು ತಾವೇ ಹೇಳಿದರು.

ಸೀತಕ್ಕ ಕೈಗಂಟಿದ ಹಿಟ್ಟು ಒರೆಸಿಕೊಂಡು ಎದ್ದು ಹೋಗಿ ಕೋಣೆಯ ಗೋಡೆಗಳನ್ನು ಬೆರಳ ಗಂಟಿನಿಂದ ಬಡಿದು ನೋಡಿದರು. ನಾನು ಆ ಮನೆಗೆ ವರ್ಷಗಟ್ಟಲೆ ಬಂದಿದ್ದೆ, ಮಾಡಿನ ಪ್ರತಿ ಹೆಂಚೂ ಗೊತ್ತಿತ್ತು. ಗೋಡೆಗಳನ್ನು ಒಮ್ಮೆಯೂ ಮುಟ್ಟಿರಲಿಲ್ಲ.

"ಇಲ್ಲಿ ಬೇಡ, ಮಣ್ಣು ಸಡಿಲ. ಅಲ್ಲಿ ಕತ್ತಲೆ," ಎಂದರು. ಆಮೇಲೆ ಕಿಟಕಿಯ ಪಕ್ಕ ಒಂದು ಕಡೆ ಹೆಬ್ಬೆರಳು ಒತ್ತಿ ಹಿಡಿದರು. "ಇಲ್ಲಿ ಹೊಡೀರಿ ಕಾರಭಾರಿಯವ್ರೇ. ಬೆಳಿಗ್ಗೆ ಬೆಳಕು ಸೀದಾ ಮುಖಕ್ಕೆ ಬರ್ತದೆ."

ಗಡಿಯಾರ ಎನ್ನದೆ ಕಾರಭಾರಿ ಎಂದು ಅವರು ನನ್ನನ್ನು ಕರೆದದ್ದು ಅದೇ ಮೊದಲು. ಚೀಲದಿಂದ ಸುತ್ತಿಗೆ ತೆಗೆದೆ. ಅವರು ಹೆಬ್ಬೆರಳು ತೆಗೆಯುವವರೆಗೆ ಕಾದು, ಮೊಳೆ ಹೊಡೆದೆ.